ಇರಾನಿನ ಎಣ್ಣೆ ಮಂಗಳೂರಿಗೆ ಬರುವುದು ಯಾಕೆ ನಿಂತಿತು?

ಪ್ರಶ್ನೆ: ನಮ್ಮ ಮನೆ ಪಾದೂರಿನ ಭೂಗತ ತೈಲ ಸಂಗ್ರಹಾಗಾರದ ಹತ್ತಿರ. 2018ರಲ್ಲಿ ಇರಾನಿನ ಮೇಲೆ ಮತ್ತೆ ನಿರ್ಬಂಧ ಹಾಕಿದ್ದು ಅಮೆರಿಕ, ವಿಶ್ವಸಂಸ್ಥೆ ಅಲ್ಲ. ಹಾಗಿದ್ದೂ ಅಲ್ಲಿಂದ ಎಣ್ಣೆ ತರಿಸುವುದನ್ನು ನಾವೇಕೆ ಬಿಟ್ಟೆವು? ಇರಾನಿನ ಚಾಬಹಾರ್ ಬಂದರಿಗೆ ಭಾರತ ಹಾಕಿದ ದುಡ್ಡು ನೀರುಪಾಲೇ?
– ಓದುಗರು, ಕಾಪು

ಉತ್ತರ: ಅಮೆರಿಕದ ಕಾನೂನು ಭಾರತವನ್ನು ಕಟ್ಟಿಹಾಕುವುದಿಲ್ಲ, ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಎಣ್ಣೆ ಕೊಳ್ಳುವವರು ಕಂಪನಿಗಳು. ಅವಕ್ಕೆ ಡಾಲರ್ ಬೇಕು, ಬ್ಯಾಂಕ್ ಬೇಕು, ವಿಮೆ ಬೇಕು. ಇರಾನಿನ ಜೊತೆ ವ್ಯವಹರಿಸಿದವರಿಗೆ ತನ್ನ ಬ್ಯಾಂಕುಗಳ ಬಾಗಿಲು ಮುಚ್ಚುವುದಾಗಿ ಅಮೆರಿಕ ಹೇಳಿದರೆ ಉಳಿದ ಕೆಲಸ ತಾನಾಗಿಯೇ ಆಗುತ್ತದೆ.

ಇದನ್ನು ನಮ್ಮ ಊರೇ ನೋಡಿದೆ. ಇರಾನಿನ ಮೇಲೆ ಹಿಂದಿನ ಸುತ್ತಿನ ನಿರ್ಬಂಧಗಳಿದ್ದ 2013ರ ಏಪ್ರಿಲ್‌ನಲ್ಲಿ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಅಲ್ಲಿನ ಕಚ್ಚಾತೈಲ ತರಿಸುವುದನ್ನು ನಿಲ್ಲಿಸಿತು. ಯಾರೂ ಸಮುದ್ರದಲ್ಲಿ ಹಡಗು ಅಡ್ಡಗಟ್ಟಿರಲಿಲ್ಲ. ನಮ್ಮ ವಿಮಾ ಕಂಪನಿಗಳು ತಮ್ಮ ಹೊರೆಯನ್ನು ಹಂಚಿಕೊಳ್ಳುವುದು ಯುರೋಪಿನ ಮರುವಿಮೆದಾರರ (ವಿಮಾ ಕಂಪನಿಗಳಿಗೇ ವಿಮೆ ಕೊಡುವವರ) ಜೊತೆ. ಇರಾನಿನ ಎಣ್ಣೆ ಸಂಸ್ಕರಿಸುವ ಘಟಕಕ್ಕೆ ರಕ್ಷಣೆ ಕೊಡಲು ಅವರು ಒಪ್ಪಲಿಲ್ಲ. ವಿಮೆಯಿಲ್ಲದ ಸಂಸ್ಕರಣಾಗಾರದಲ್ಲಿ ಒಂದು ಬೆಂಕಿ ಬಿದ್ದರೆ ಏನು ಗತಿ ಎಂದು ಸುರತ್ಕಲ್, ಕುತ್ತೆತ್ತೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಆಗಸ್ಟ್‌ನಲ್ಲಿ ಖರೀದಿ ಮತ್ತೆ ಶುರುವಾಯಿತು.

ಆ ಕಾಲದಲ್ಲಿ ದೆಹಲಿ ಒಂದು ಒಳ್ಳೆಯ ಕೆಲಸ ಮಾಡಿತ್ತು. ಎಣ್ಣೆಯ ಬೆಲೆಯಲ್ಲಿ ಶೇ 45ರಷ್ಟನ್ನು ರೂಪಾಯಿಯಲ್ಲೇ ಯುಕೋ ಬ್ಯಾಂಕಿನ ಖಾತೆಗೆ ಕಟ್ಟುವ ವ್ಯವಸ್ಥೆ ಅದು. ಆ ರೂಪಾಯಿಯಿಂದ ಇರಾನ್ ನಮ್ಮ ಬಾಸ್ಮತಿ ಅಕ್ಕಿ, ಚಹಾ, ಔಷಧಿ ಕೊಂಡಿತು. ಡಾಲರಿನ ಹಂಗಿಲ್ಲದ ಈ ದಾರಿಯನ್ನು ನಾವು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬೇಕಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ. 2018ರ ನವೆಂಬರ್‌ನಲ್ಲಿ ಅಮೆರಿಕ ಭಾರತವೂ ಸೇರಿ 8 ಖರೀದಿದಾರರಿಗೆ ಆರು ತಿಂಗಳ ವಿನಾಯಿತಿ ಕೊಟ್ಟಿತು. 2019ರ ಮೇಯಲ್ಲಿ ಅದು ಮುಗಿದಾಗ ನಾವು ಖರೀದಿ ನಿಲ್ಲಿಸಿದೆವು. ಎಣ್ಣೆ ನಿಂತ ಮೇಲೆ ಆ ಖಾತೆಗೆ ಹೊಸ ರೂಪಾಯಿ ಬರಲಿಲ್ಲ, ಪೆಟ್ಟು ನಮ್ಮ ಅಕ್ಕಿ ರಫ್ತುದಾರರಿಗೂ ಬಿತ್ತು.

ನಿಮ್ಮ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್ ಹಿಡಿಯುತ್ತದೆ, ಮಂಗಳೂರಿನದರಲ್ಲಿ 15 ಲಕ್ಷ ಟನ್. ಮಂಗಳೂರಿನ ಗುಹೆಗೆ 2016ರಲ್ಲಿ ಮೊದಲು ತುಂಬಿದ್ದು ಇರಾನಿನ ಎಣ್ಣೆ. 2018ರಲ್ಲಿ ಅಲ್ಲಿಗೇ ಅಬುಧಾಬಿಯ ಎಣ್ಣೆಯೂ ಬಂತು. ಕೊಲ್ಲಿಯ ಎರಡೂ ದಡದವರೊಡನೆ ನಂಟು ಇಟ್ಟುಕೊಳ್ಳುವುದು ಅಂದರೆ ಇದೇ. ಮಕ್ಕಳನ್ನು ದುಬೈ, ಮಸ್ಕತ್‌ಗೆ ಕಳಿಸಿರುವ ನಮ್ಮ ಕರಾವಳಿಗೆ ಇದು ಬರೀ ವಿದೇಶಾಂಗ ನೀತಿ ಅಲ್ಲ, ಮನೆಯ ವಿಷಯ.

ಇನ್ನು ಚಾಬಹಾರ್. ದುಡ್ಡು ನೀರುಪಾಲಾಗಿಲ್ಲ, ಆದರೆ ತೂಗುಯ್ಯಾಲೆಯಲ್ಲಿದೆ. 2016ರಲ್ಲಿ ಭಾರತ, ಇರಾನ್, ಅಫ್ಘಾನಿಸ್ತಾನ ಸೇರಿ ಒಪ್ಪಂದ ಮಾಡಿಕೊಂಡವು. ಮರುವರ್ಷ ಕಾಂಡ್ಲಾದಿಂದ ಹೊರಟ ಗೋಧಿ ಪಾಕಿಸ್ತಾನದ ನೆಲ ಮುಟ್ಟದೆ ಅಫ್ಘಾನಿಸ್ತಾನ ಸೇರಿತು. 2024ರ ಮೇಯಲ್ಲಿ 10 ವರ್ಷಗಳ ನಿರ್ವಹಣಾ ಒಪ್ಪಂದವೂ ಆಯಿತು. ಎಣ್ಣೆಗೆ ಕಟ್ಟುನಿಟ್ಟು ಮಾಡಿದ 2018ರಲ್ಲೂ ಅಮೆರಿಕ ಈ ಬಂದರನ್ನು ನಿರ್ಬಂಧದಿಂದ ಹೊರಗಿಟ್ಟದ್ದು ಅಫ್ಘಾನಿಸ್ತಾನದ ಹೆಸರಿನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಆ ರಿಯಾಯಿತಿ ಹಿಂತೆಗೆದು, ಅಕ್ಟೋಬರ್‌ನಲ್ಲಿ ಮತ್ತೆ ಆರು ತಿಂಗಳ ಅವಕಾಶ ಕೊಟ್ಟಿತು. ಇಂಥ ಆರಾರು ತಿಂಗಳ ಕೃಪೆಯನ್ನು ನಂಬಿ ಯಾವ ಹಡಗು ಕಂಪನಿಯೂ ಕಾಯಂ ಸರಕು ಸಾಗಣೆ ಶುರುಮಾಡುವುದಿಲ್ಲ. ಬೇಕಿರುವುದು ದೀರ್ಘಕಾಲದ ವಿನಾಯಿತಿ; ಅದನ್ನು ಅಮೆರಿಕದ ಬಳಿ ಕೇಳಲು ಭಾರತ ಒಂಟಿಯಾಗಿ ಹೋಗಬಾರದು. ಕಡಲೇ ಇಲ್ಲದ ಅಫ್ಘಾನಿಸ್ತಾನ, ಉಜ್ಬೇಕಿಸ್ತಾನಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು.