ಪೆಂಟಾ ಜ್ವರಕ್ಕೆ ದಡಾರದ ಲಸಿಕೆ ಬಿಡಬೇಡಿ

ಮೂರೂವರೆ ತಿಂಗಳಲ್ಲಿ ಪೆಂಟಾ (ಐದು ರೋಗಗಳಿಗೆ ಸೇರಿ ಒಂದೇ ಲಸಿಕೆ) ಹಾಕಿಸಿದಾಗ ಮಗುವಿಗೆ ಎರಡು ದಿನ ಜ್ವರ ಬಂತು, ಅದಕ್ಕೇ ಅತ್ತೆಯವರು ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದು ಬೇಡ ಅಂತಿದ್ದಾರೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ರಾಮಾಯಣ. ಮಗಳ ತೊಡೆಯಲ್ಲಿ ಗೋಲಿಯಷ್ಟು ಗಂಟು, ರಾತ್ರಿಯಿಡೀ ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದೆ.

ಪೆಂಟಾದಲ್ಲಿ ಜ್ವರ ತರಿಸೋದು ಹೆಚ್ಚಾಗಿ ಅದರೊಳಗಿನ ನಾಯಿಕೆಮ್ಮಿನ ಅಂಶ. ಒಂಬತ್ತನೇ ತಿಂಗಳ ಎಂಆರ್‌ನಲ್ಲಿ, ಅಂದರೆ ದಡಾರ-ರುಬೆಲ್ಲಾ ಲಸಿಕೆಯಲ್ಲಿ, ಅದು ಇಲ್ಲವೇ ಇಲ್ಲ. ಇದರಿಂದ ಜ್ವರ ಬಂದರೂ ಸಾಮಾನ್ಯವಾಗಿ ವಾರ ಕಳೆದ ಮೇಲೆ, ಕೆಲವು ಮಕ್ಕಳಿಗೆ ಸಣ್ಣ ದದ್ದುಗಳ ಜೊತೆ. ತಾನೇ ಇಳಿಯುತ್ತೆ.

ದಡಾರದ ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ವಾಟ್ಸಾಪ್ ಕತೆ ಹುಟ್ಟಿದ್ದು 1998ರಲ್ಲಿ, ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್ ಬರೆದ ಲೇಖನದಿಂದ. ನೋಡಿದ್ದು ಬರೀ 12 ಮಕ್ಕಳನ್ನು! 2010ರಲ್ಲಿ ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು, ಅವನ ವೈದ್ಯ ನೋಂದಣಿಯೂ ಹೋಯಿತು.

ಅತ್ತೆಯವರ ಜೊತೆ ವಾದ ಬೇಡ. ಅವರ ಕಾಲದಲ್ಲಿ ದಡಾರ ಎದ್ದು ನ್ಯುಮೋನಿಯಾ ಆದ, ಕಣ್ಣು ಹೋದ ಮಕ್ಕಳು ಊರಲ್ಲಿ ಇದ್ದರಾ ಅಂತ ಸುಮ್ಮನೆ ಕೇಳಿ. ನಮ್ಮತ್ತೆ ಆ ಪ್ರಶ್ನೆಗೇ ಮೆತ್ತಗಾದರು.

ತಾಯಿ ಕಾರ್ಡ್ ಹಿಡಿದು ಹೋಗಿ, ಹಿಂದಿನ ಜ್ವರದ ವಿಷಯ ಸಿಸ್ಟರ್‌ಗೆ ಹೇಳಿ. ಆಗ ಫಿಟ್ಸ್ ಬಂದಿದ್ದರೆ ಅಥವಾ ಮೈಯೆಲ್ಲ ದದ್ದೆದ್ದು ಉಸಿರಾಟಕ್ಕೆ ಕಷ್ಟವಾಗಿದ್ದರೆ ಮಾತ್ರ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.