ಅಪ್ಪ ಬರುವ ಮುಂಚೆ ಊಟ ಮುಗಿಸುವ ಹುಡುಗಿ: ಬೊಜ್ಜಿನ ಒಂದು ಆಪ್ತಸಲಹೆ ಪ್ರಕರಣ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಕಾವ್ಯಳಿಗೆ 14 ವರ್ಷ, ಒಂಬತ್ತನೇ ತರಗತಿ. ಮನೆ ಪೀಣ್ಯದ ಆಸುಪಾಸಿನ ಒಂದು ಬಡಾವಣೆಯಲ್ಲಿ: ಮೂರನೇ ಮಹಡಿ, ಒಂದು ರೂಮು, ಒಂದು ಅಡುಗೆಮನೆ. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ತಂದೆ ಲಗೇಜ್ ಆಟೋ ಓಡಿಸುತ್ತಾರೆ. ಪಿ.ಟಿ. ಪೀರಿಯಡ್‌ನಲ್ಲಿ ಹುಡುಗಿ ಕೂತಲ್ಲಿಂದ ಏಳುವುದಿಲ್ಲ, ಮಾತೂ ಕಡಿಮೆಯಾಗಿದೆ ಎಂದು ಶಾಲೆಯವರು ನಮ್ಮಲ್ಲಿಗೆ ಆಪ್ತಸಲಹೆಗೆ ಕಳಿಸಿದ್ದರು. ತಾಯಿಯ ದೂರು ಬೇರೆಯೇ ಇತ್ತು. "ಮೇಡಂ, ಇವಳಿಗೆ ಬಾಯಿ ಕಟ್ಟೋಕೇ ಬರಲ್ಲ. ಬಿಸ್ಕತ್ ಡಬ್ಬ ಬೀರುನಲ್ಲಿಟ್ಟು ಬೀಗ ಹಾಕಿದ್ರೂ ಹೆಂಗೋ ತಿಂದಿರ್ತಾಳೆ. ಥೈರಾಯ್ಡ್ ಇರ್ಬೋದಾ ನೋಡಿ."

ಎತ್ತರ 154 ಸೆಂ.ಮೀ., ತೂಕ 71 ಕಿಲೋ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 30. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಬೆಳವಣಿಗೆ ಪಟ್ಟಿಯಲ್ಲಿ, ದೊಡ್ಡವರ ಬಿಎಂಐ 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು ಎಂದು ಲೆಕ್ಕ. ಇವಳು ಅದನ್ನು ದಾಟಿ ಬಹಳ ಮುಂದೆ ಹೋಗಿದ್ದಳು. ಸೊಂಟದ ಸುತ್ತಳತೆ 88 ಸೆಂ.ಮೀ. ಇದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅಂದರೆ 77ರ ಒಳಗೆ. ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ, ವೆಲ್ವೆಟ್ಟಿನಂಥ ಚರ್ಮ. ಮನೆಯಲ್ಲಿ ಅದನ್ನು ಕೊಳೆ ಅಂದುಕೊಂಡು ಪೀಚಿನಿಂದ ಉಜ್ಜಿ ಉಜ್ಜಿ ಗಾಯ ಮಾಡಿದ್ದರು. ಅದು ಕೊಳೆಯಲ್ಲ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಉಜ್ಜುವುದನ್ನು ಅಂದೇ ನಿಲ್ಲಿಸಲು ಹೇಳಿದೆವು.

ಮಕ್ಕಳ ವೈದ್ಯರಿಂದ ಬಿ.ಪಿ., ಸಕ್ಕರೆ, ಕೊಬ್ಬು, ಲಿವರ್, ಥೈರಾಯ್ಡ್ ಪರೀಕ್ಷೆಗಳಾದವು. ಥೈರಾಯ್ಡ್ ಸರಿಯಾಗಿತ್ತು. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 5.8 ಬಂತು, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ಥೈರಾಯ್ಡ್ ಎಂದುಬಿಟ್ಟರೆ ಒಂದು ಮಾತ್ರೆಯಲ್ಲಿ ಮುಗಿಯುತ್ತಲ್ಲ ಎಂಬ ಆಸೆ ತಂದೆತಾಯಂದಿರಿಗೆ ಸಹಜ. ಆದರೆ ಹಾರ್ಮೋನಿನ ತೊಂದರೆಯಿಂದ ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಎತ್ತರ ಬೆಳೆಯುವುದರಲ್ಲಿ ಹಿಂದೆ ಬೀಳುತ್ತಾರೆ. ಕಾವ್ಯ ಎತ್ತರದಲ್ಲಿ ತರಗತಿಯ ಸರಾಸರಿಗೆ ಏನೂ ಕಡಿಮೆ ಇರಲಿಲ್ಲ. ಮುಟ್ಟು ಹಿಂದೆಮುಂದೆ ಆಗುತ್ತಿತ್ತು. ಮೈನೆರೆದು ಎರಡು ವರ್ಷವೂ ಆಗದ ಹುಡುಗಿಯಲ್ಲಿ ಅದಕ್ಕೆ ಅವಸರದಿಂದ ಪಿಸಿಒಡಿ (ಅಂಡಾಶಯದ ಹಾರ್ಮೋನಿನ ತೊಂದರೆ) ಎಂದು ಹಣೆಪಟ್ಟಿ ಹಚ್ಚುವುದು ಬೇಡ ಎಂದು ವೈದ್ಯರೂ ಹೇಳಿದರು.

ಹಿಂದಿನ ವರ್ಷ ಒಂದು ಕ್ಲಿನಿಕ್‌ನಲ್ಲಿ ಡಯಟ್ ಚಾರ್ಟ್ ಬರೆಸಿಕೊಂಡಿದ್ದರು: ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸಲಾಡ್, ರಾತ್ರಿ ಒಂದೇ ಚಪಾತಿ. ಮೊದಲ ತಿಂಗಳು ಮೂರು ಕಿಲೋ ಇಳಿದು, ಮುಂದಿನ ನಾಲ್ಕು ತಿಂಗಳಲ್ಲಿ ಏಳು ಕಿಲೋ ಏರಿತ್ತು. ಚಾರ್ಟ್‌ನಲ್ಲಿ ಏನು ತಿನ್ನಬೇಕು ಎಂಬುದಿತ್ತು. ಯಾವಾಗ, ಯಾರ ಎದುರು, ಯಾವ ಭಯದಲ್ಲಿ ತಿನ್ನುತ್ತಾಳೆ ಎಂದು ಯಾರೂ ಕೇಳಿರಲಿಲ್ಲ.

ಹಾಗಾಗಿ ಏಳು ದಿನದ ಒಂದು ಪುಸ್ತಕ ಕೊಟ್ಟೆವು. ಕ್ಯಾಲೊರಿ ಬರೆಯುವಂತಿಲ್ಲ. ಬರೆಯಬೇಕಾದ್ದು ಐದೇ: ಸಮಯ, ಜಾಗ, ಪಕ್ಕದಲ್ಲಿ ಯಾರಿದ್ದರು, ಹಸಿವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ತಿನ್ನುವ ಹತ್ತು ನಿಮಿಷ ಮುಂಚೆ ಏನಾಯಿತು. ಕೊನೆಯ ಕಾಲಮ್ಮೇ ಮುಖ್ಯ. ಅದನ್ನು ತಾಯಿ ಓದಬಾರದು ಎಂಬ ಷರತ್ತನ್ನು ಇಬ್ಬರ ಎದುರಿಗೇ ಹಾಕಿದೆವು. ಇಲ್ಲದಿದ್ದರೆ ಮಕ್ಕಳು ಅಮ್ಮನಿಗೆ ಹಿತವಾಗುವ ಹಾಗೆ ಬರೆದು ತರುತ್ತಾರೆ.

ಪುಸ್ತಕದಲ್ಲಿ ಕಂಡದ್ದು ಹೀಗೆ. ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ, ಹಿಡಿಯುವ ಕೆಲಸ ಇವಳದ್ದು. ತಿಂಡಿ ಇಲ್ಲ. ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ವಾಪಸ್, ಯಾಕೆಂದರೆ ಪಕ್ಕದವರು "ಇಷ್ಟೊಂದಾ?" ಎಂದು ನಗುತ್ತಾರೆ. ನಾಲ್ಕೂವರೆಗೆ ಹಸಿವು ಒಂಬತ್ತು. ಮನೆಯ ರಸ್ತೆಯಲ್ಲಿ ಎರಡು ಬೇಕರಿ, ಒಂದು ಗೋಬಿ ಗಾಡಿ. ಒಂದು ಪಫ್ಸು, ಒಂದು ಕೂಲ್‌ಡ್ರಿಂಕ್ಸ್. 250 ಮಿಲಿ ಕೋಲಾದಲ್ಲಿ 26 ಗ್ರಾಂನಷ್ಟು ಸಕ್ಕರೆ, ಸುಮಾರು ಆರು ಟೀ ಚಮಚ. ಇಷ್ಟು ಯಾವ ತಜ್ಞರೂ ಊಹಿಸಬಹುದು. ರಾತ್ರಿಯ ಸಾಲುಗಳನ್ನು ಮಾತ್ರ ಊಹಿಸಿರಲಿಲ್ಲ. ಎಂಟೂಮುಕ್ಕಾಲಿಗೆ ದೊಡ್ಡ ತಟ್ಟೆ ಅನ್ನ–ಸಾರು, ಐದು ನಿಮಿಷದಲ್ಲಿ ಮುಗಿದಿದೆ, ಹಸಿವು ಮೂರು. ಮುಂಚೆ ಏನಾಯಿತು? "ಅಪ್ಪ ಬರೋ ಟೈಮ್." ಮತ್ತೆ ಹನ್ನೆರಡಕ್ಕೆ ಬಿಸ್ಕತ್, ಬೆಲ್ಲ, ಕೈಗೆ ಸಿಕ್ಕಿದ್ದು, ಹಸಿವು ಒಂದು. "ಅಪ್ಪ ಮಲಗಿದ್ರು." ನಿದ್ದೆ ದಿನಕ್ಕೆ ಐದು ಗಂಟೆ. ಈ ವಯಸ್ಸಿಗೆ ಬೇಕಾದ್ದು ಎಂಟರಿಂದ ಹತ್ತು.

ಒಬ್ಬಳನ್ನೇ ಕೂರಿಸಿ ಮಾತಾಡುವ ಮುಂಚೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕಾಗುತ್ತದೆ: "ನೀನು ಹೇಳಿದ್ದು ನಮ್ಮಲ್ಲೇ ಇರುತ್ತೆ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ ಮುಚ್ಚಿಡೋಕಾಗಲ್ಲ, ಏನು ಮಾಡ್ತೀವಿ ಅಂತ ಮೊದಲು ನಿನಗೇ ಹೇಳ್ತೀವಿ." ಲೈಂಗಿಕ ದೌರ್ಜನ್ಯದ ಬಗ್ಗೆಯೂ ಸುತ್ತಿಬಳಸದೆ ಕೇಳಬೇಕು. ಹಾಗೇನಾದರೂ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇಲ್ಲಿ ಅದಿರಲಿಲ್ಲ. ಇದ್ದದ್ದು ಆರು ವರ್ಷದಿಂದ ನೋಡುತ್ತಿರುವ ಹೊಡೆತ: ತಂದೆ ಕುಡಿದು ಬಂದ ದಿನ ತಾಯಿಗೆ, ಅಡ್ಡ ಬಂದರೆ ಇವಳಿಗೂ. ಅದಕ್ಕೂ ಮುಂಚೆ ತಿಪಟೂರು ಕಡೆಯ ಅಜ್ಜಿಮನೆಯಿಂದ ಹೇಳದೆ ಕೇಳದೆ ಬೆಂಗಳೂರಿಗೆ ಕರೆತಂದದ್ದು, ಬಾಡಿಗೆ ಕಟ್ಟಲಾಗದೆ ಮೂರು ಮನೆ, ಎರಡು ಶಾಲೆ ಬದಲಾದದ್ದು. ತೂಕ ಏರಲು ಶುರುವಾದದ್ದು ಎಂಟನೇ ವಯಸ್ಸಿನಿಂದ. ಎರಡರ ತಾರೀಖೂ ಹೊಂದುತ್ತದೆ.

ಬಾಲ್ಯದ ಕಷ್ಟಕ್ಕೂ ಬೊಜ್ಜಿಗೂ ಇರುವ ನಂಟು ಹೊಸ ಸಂಗತಿಯಲ್ಲ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರ ತೂಕ ಇಳಿಸುವ ಕ್ಲಿನಿಕ್‌ನಿಂದ, ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ವಿಚಾರಿಸಿದಾಗ ಹಲವರ ಬಾಲ್ಯದಲ್ಲಿ ದೌರ್ಜನ್ಯವಿತ್ತು. ಅವರೂ ರಾಬರ್ಟ್ ಆಂಡಾ ಅವರೂ ಸೇರಿ ಸಾವಿರಾರು ವಯಸ್ಕರನ್ನು ಕೇಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದ ಕಷ್ಟಗಳ ಸಂಖ್ಯೆ ಹೆಚ್ಚಿದಂತೆ ತೀವ್ರ ಬೊಜ್ಜು ಸೇರಿದಂತೆ ಹಲವು ಅಪಾಯಗಳೂ ಹೆಚ್ಚಿದ್ದು ಕಂಡಿತು. ಇದು ಗುಂಪಿನ ಲೆಕ್ಕ, ಒಂದು ಮಗುವಿನ ಜಾತಕವಲ್ಲ. ಕಷ್ಟದಲ್ಲಿ ಬೆಳೆದ ಎಲ್ಲರೂ ದಪ್ಪಗಾಗುವುದಿಲ್ಲ, ದಪ್ಪಗಿರುವ ಮಕ್ಕಳ ಮನೆಯಲ್ಲೆಲ್ಲ ಹೊಡೆತವೂ ಇರುವುದಿಲ್ಲ.

ಒಳಗೆ ನಡೆಯುವುದನ್ನು ತಾಯಿಗೆ ಹೀಗೆ ವಿವರಿಸಿದೆವು. ಭಯ ದಿನವೂ ಇದ್ದರೆ ಕಾರ್ಟಿಸಾಲ್ ಎಂಬ ಹಾರ್ಮೋನು ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ. ಅದು ಸಿಹಿ, ಎಣ್ಣೆಯ ಪದಾರ್ಥದ ಕಡೆ ಎಳೆಯುತ್ತದೆ, ಕೊಬ್ಬನ್ನು ಹೊಟ್ಟೆಯ ಸುತ್ತ ಕೂಡಿಡುತ್ತದೆ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಹೆಚ್ಚುತ್ತದೆ. ಸಿಹಿ ತಿಂದ ಸ್ವಲ್ಪ ಹೊತ್ತು ಎದೆಬಡಿತ ತಗ್ಗಿದ ಹಾಗೆ ಅನ್ನಿಸುತ್ತದೆ, ಅಷ್ಟಕ್ಕೇ ಮಗು ಅದನ್ನು ಮತ್ತೆ ಮತ್ತೆ ಹುಡುಕುತ್ತದೆ. ಡಬ್ಬಕ್ಕೆ ಬೀಗ ಹಾಕಿದರೆ ಕದ್ದು ತಿನ್ನುವುದೂ ಬೇಗಬೇಗ ನುಂಗುವುದೂ ಕಲಿತಂತಾಯಿತು, ಅಷ್ಟೆ.

ಇನ್ನು ಬಡಾವಣೆ. ಮೂಲೆಯಲ್ಲಿ ಬಾರು, ಸಂಜೆ ಐದಕ್ಕೇ ಹೊರಗೆ ಗಂಡಸರ ಗುಂಪು. ಫುಟ್‌ಪಾತ್ ಇಲ್ಲ, ಟಿಪ್ಪರ್ ಲಾರಿಗಳ ಓಡಾಟ, ಬೀದಿನಾಯಿ. ಹತ್ತಿರದ ಪಾರ್ಕಿಗೆ ದೊಡ್ಡ ರಸ್ತೆ ದಾಟಬೇಕು. ಮೈನೆರೆದ ಮೇಲೆ ತಾಯಿ ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದರು. ಅದನ್ನು ಅತಿಕಾಳಜಿ ಎಂದು ಬೈಯಲು ಬರುವುದಿಲ್ಲ, ಆ ರಸ್ತೆಯಲ್ಲಿ ಆ ಲೆಕ್ಕ ಸರಿಯೇ. ಪರಿಣಾಮ ಮಾತ್ರ ಇಷ್ಟು: ಕಾಲಿಗೆ ಸಿಗುವುದು ಬೇಕರಿವರೆಗಿನ ದಾರಿ ಒಂದೇ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿ ಮಾರಬಾರದು ಎಂಬ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಇವಳ ಮನೆಯ ರಸ್ತೆಗೆ ತಲುಪುವುದೇ ಇಲ್ಲ. ಗೋಬಿಗೆ ಹಾಕುವ ಕೃತಕ ಬಣ್ಣವನ್ನು ರಾಜ್ಯ 2024ರಲ್ಲಿ ನಿಷೇಧಿಸಿತು. ಎಣ್ಣೆಯಲ್ಲಿ ಕರಿಯುವುದಕ್ಕೆ ಯಾರ ನಿಷೇಧವೂ ಇಲ್ಲ. ಅಮೆರಿಕದ ಐದು ನಗರಗಳಲ್ಲಿ ಬಡ ಬಡಾವಣೆಯ ಕುಟುಂಬಗಳಿಗೆ ಬೇರೆ ಕಡೆ ಮನೆ ಮಾಡಲು ನೆರವು ಕೊಟ್ಟು, ಹತ್ತು–ಹದಿನೈದು ವರ್ಷದ ನಂತರ ಪರೀಕ್ಷಿಸಿದಾಗ ಹೆಂಗಸರಲ್ಲಿ ತೀವ್ರ ಬೊಜ್ಜು ಮತ್ತು ಮಧುಮೇಹ ಕಡಿಮೆಯಿದ್ದವು. ಆ ನೆರವು ಕಾವ್ಯಳ ಮನೆಗೆ ಸಿಗುವಂತಿಲ್ಲ. ಇದ್ದ ರಸ್ತೆಯಲ್ಲೇ ದಾರಿ ಹುಡುಕಬೇಕಿತ್ತು.

ಕೊಟ್ಟ ಸಲಹೆಯಲ್ಲಿ ಊಟ ಮೂರನೆಯದು.

ಮೊದಲನೆಯದು ಸುರಕ್ಷತೆ. ಗಲಾಟೆ ಶುರುವಾದರೆ ಕಾವ್ಯ ಅಡ್ಡ ಹೋಗುವುದಲ್ಲ, ಕೆಳಗಿನ ಮನೆಯ ಆಂಟಿ ಹತ್ತಿರ ಹೋಗುವುದು. ಆಂಟಿಯನ್ನು ತಾಯಿಯೇ ಮೊದಲು ಕೇಳಿ ಒಪ್ಪಿಸಿದರು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಒಂದು ಜೊತೆ ಬಟ್ಟೆ ಇರುವ ಚೀಲ ಆ ಮನೆಯಲ್ಲಿ. ಫೋನ್ ನಂಬರುಗಳು ಬಾಯಿಪಾಠ: ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112. ತಂದೆಯನ್ನು ಬೇರೆಯಾಗಿ ಕರೆದು, ಬೈಯದೆ, ಮಗಳ ರಕ್ತಪರೀಕ್ಷೆಯ ಚೀಟಿಯಿಂದ ಮಾತು ಶುರುಮಾಡಿದೆವು. ಪುಸ್ತಕದಲ್ಲಿದ್ದ ಒಂದಕ್ಷರವನ್ನೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ರಾತ್ರಿ ಮನೆಯಲ್ಲಿ ಅದರ ಫಲ ಕಾಣುತ್ತಿತ್ತು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಚೀಟಿ ಕೊಟ್ಟೆವು, ಹೋಗುವವರೆಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ಎರಡನೆಯದು ನಿದ್ದೆ. ನೀರು ಹಿಡಿಯುವ ಕೆಲಸ ವಾರದಲ್ಲಿ ನಾಲ್ಕು ದಿನ ತಾಯಿಗೆ. ಹತ್ತಕ್ಕೆ ಹಾಸಿಗೆ, ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ.

ಆಮೇಲೆ ಊಟ. ಬೀಗ ತೆಗೆಯಿರಿ ಎಂದಾಗ ತಾಯಿಗೆ ನಂಬಿಕೆ ಬರಲಿಲ್ಲ. "ತೆಗೆದ್ರೆ ಒಂದೇ ದಿನಕ್ಕೆ ಖಾಲಿ ಮಾಡ್ತಾಳೆ ಮೇಡಂ." ಮೊದಲ ವಾರ ಹಾಗೇ ಆಗುತ್ತದೆ, ತಡೆಯಬೇಡಿ, ಆಮೇಲೆ ಇಳಿಯುತ್ತದೆ ಎಂದೆವು. ಇಳಿಯಿತು. ಬೆಳಿಗ್ಗೆ ರಾತ್ರಿಯ ಮುದ್ದೆ ಕಿವುಚಿ ಮಜ್ಜಿಗೆಯಲ್ಲಿ ಕಲಸಿದ ಒಂದು ದೊಡ್ಡ ಲೋಟ. ಎರಡು ನಿಮಿಷದ ಕೆಲಸ. ನಾಲ್ಕೂವರೆಗೆ ಒಂದು ಹಿಡಿ ಹುರಿಗಡಲೆ, ಅರ್ಧ ಹಿಡಿ ಕಡಲೆಕಾಯಿ ಬೀಜ, ಒಂದು ಬಾಳೆಹಣ್ಣು. ಇದು ಶಾಲೆಯ ಬ್ಯಾಗಿನಲ್ಲೇ ಇರಬೇಕು, ಬಸ್ಸಿನಲ್ಲೇ ತಿನ್ನಬೇಕು. ಬೇಕರಿ ಎದುರು ಹೊಟ್ಟೆ ಹಸಿದಿರಬಾರದು ಎಂಬುದೇ ಇಡೀ ಉಪಾಯ. ಬೇಕರಿ ವಾರಕ್ಕೆ ಎರಡು ದಿನ, ಕದಿಯದೆ, ಹೇಳಿ. ಕೂಲ್‌ಡ್ರಿಂಕ್ಸ್ ಮನೆಗೆ ತರುವುದಿಲ್ಲ, ಅದು ಮನೆಯವರೆಲ್ಲರಿಗೂ ಅನ್ವಯ. ರಾತ್ರಿ ಊಟ ಎಂಟಕ್ಕೆ, ತಾಯಿಯ ಜೊತೆ, ಇಪ್ಪತ್ತು ನಿಮಿಷ: ಮುದ್ದೆ ಅಥವಾ ಅನ್ನ, ಕಾಳಿನ ಸಾರು, ಪಲ್ಯ. ಅಳತೆ ಹಾಕಬಾರದು. "ಡುಮ್ಮಿ" ಎಂಬ ಮಾತು ಮನೆಯಲ್ಲಿ ಬಂದ್.

ಓಡಾಟಕ್ಕೆ ಗುರಿ ದಿನಕ್ಕೆ 60 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶುರು ಮಾಡಿದ್ದು ಹದಿನೈದರಿಂದ, ಟೆರೇಸಿನಲ್ಲಿ ಸ್ಕಿಪ್ಪಿಂಗ್. ಎರಡನೇ ವಾರಕ್ಕೇ ಓನರ್ ಬೇಡವೆಂದರು: ಕೆಳಗೆ ಸದ್ದಾಗುತ್ತದೆ. ಬದಲಿಗೆ ಗೆಳತಿಯ ಜೊತೆ ಒಂದು ಸ್ಟಾಪ್ ಮುಂಚೆ ಇಳಿದು ನಡೆಯುವುದು, ಶಾಲೆಯಲ್ಲಿ ಥ್ರೋಬಾಲ್. ಪಿ.ಟಿ. ಮೇಷ್ಟ್ರಿಗೆ ಒಂದೇ ಕೋರಿಕೆ ಮಾಡಿದೆವು: ಎಲ್ಲರೆದುರು ತೂಕ ನೋಡಬೇಡಿ, ಓಟದಲ್ಲಿ ಕೊನೆಗೆ ಬಂದವರಿಗೆ ಶಿಕ್ಷೆ ಬೇಡ. ಭಾನುವಾರ ತಾಯಿ–ಮಗಳು ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಕಬ್ಬನ್ ಪಾರ್ಕಿಗೆ ಅಥವಾ ಲಾಲ್‌ಬಾಗಿಗೆ. ಇದು ವ್ಯಾಯಾಮಕ್ಕಿಂತ ಹೆಚ್ಚಾಗಿ ಇಬ್ಬರಿಗೂ ಉಸಿರಾಡುವ ಜಾಗವಾಯಿತು.

ತಂದೆ ಐದು ವಾರ ಕುಡಿಯಲಿಲ್ಲ. ಆ ಐದು ವಾರ, ಕಾವ್ಯ ಬರೆಯುತ್ತಲೇ ಇದ್ದ ಪುಸ್ತಕದಲ್ಲಿ ರಾತ್ರಿ ಹನ್ನೆರಡು ಗಂಟೆಯ ಸಾಲು ಖಾಲಿ. ಆರನೇ ವಾರ ಮತ್ತೆ ಕುಡಿದರು, ಅದೇ ವಾರ ಬಿಸ್ಕತ್ ಮರಳಿತು. ತಾಯಿ ಇದನ್ನು ಸೋಲೆಂದು ಬಂದು ಹೇಳಿದರು. ನಮಗೆ ಅದು ಯಾವ ರಕ್ತಪರೀಕ್ಷೆಗಿಂತಲೂ ಸ್ಪಷ್ಟವಾದ ರಿಪೋರ್ಟ್. ತಂದೆಗೂ ಮರುಕಳಿಸುವುದು ಚಿಕಿತ್ಸೆಯ ದಾರಿಯಲ್ಲೇ ಬರುತ್ತದೆ ಎಂದು ಹೇಳಿ ಮತ್ತೆ ನಿಮ್ಹಾನ್ಸ್‌ಗೆ ಕಳಿಸಿದೆವು. ಈಗ ಹೋಗುತ್ತಿದ್ದಾರೆ, ಕೆಲವೊಮ್ಮೆ ತಪ್ಪಿಸುತ್ತಾರೆ.

ಆರು ತಿಂಗಳ ಕೊನೆಗೆ ತೂಕ 69.5, ಸೊಂಟ 84, ಎಚ್‌ಬಿಎ1ಸಿ 5.6, ನಿದ್ದೆ ಏಳೂವರೆ ಗಂಟೆ. ತೂಕ ನೋಡಿದರೆ ಒಂದೂವರೆ ಕಿಲೋ ಮಾತ್ರ, ನೆಂಟರಿಗೆ ಹೇಳಿಕೊಳ್ಳುವಂಥದ್ದೇನಲ್ಲ. ಮನೆಯಲ್ಲಿ ತೂಕದ ಮಷೀನ್ ಬೇಡ, ಮೂರು ತಿಂಗಳಿಗೊಮ್ಮೆ ಇಲ್ಲಿ ನೋಡಿದರೆ ಸಾಕು ಎಂದು ಹೇಳಿದೆವು. ನಡುವೆ ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಮನೋವೈದ್ಯರ ಬಳಿ ಬರಬೇಕೆಂದು ತಾಯಿಗೂ ಕ್ಲಾಸ್ ಟೀಚರ್‌ಗೂ ಬರೆದುಕೊಟ್ಟಿದ್ದೇವೆ: ತಿಂದ ತಕ್ಷಣ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುವುದು, ಎರಡು–ಮೂರು ದಿನ ಊಟ ಬಿಡುವುದು, ತೂಕ ಇಳಿಸುವ ಪುಡಿ–ಮಾತ್ರೆ ತರಿಸುವುದು, ಕೈ ಕೊಯ್ದುಕೊಂಡ ಗುರುತು, ಸಾಯುವ ಮಾತು.