ಬಟ್ಟಲಿನಲ್ಲಿ ಮೊದಲೇ ಇದ್ದ ಹೆಸರು

ಹೆಸರಿನ ವಿಚಾರದ ಪತ್ರಗಳು ಈ ಅಂಕಣಕ್ಕೆ ಆಗಾಗ ಬರುತ್ತವೆ. ಹೆಚ್ಚಿನವಕ್ಕೆ ನಾನು ಉತ್ತರ ಬರೆಯುವುದಿಲ್ಲ. ಮಗು ನಿಮ್ಮದು, ನಾಲಿಗೆ ನಿಮ್ಮದು, ನಾನ್ಯಾಕೆ ನಡುವೆ? ಆದರೆ ಕಟಪಾಡಿಯಿಂದ ಬಂದ ಈ ಪತ್ರ ಓದಿ ನನಗೆ ಸಿಟ್ಟು ಬಂತು. ಪತ್ರ ಬರೆದವರ ಮೇಲಲ್ಲ.

ವಿಷಯ ಇಷ್ಟು. ಮಗಳಿಗೆ ಎರಡೂವರೆ ತಿಂಗಳು. ಗಂಡ ಕುವೈತಿನಲ್ಲಿದ್ದಾರೆ, ಮುಂದಿನ ತಿಂಗಳು ರಜೆಯಲ್ಲಿ ಊರಿಗೆ ಬರುತ್ತಾರೆ, ಆಗ ನಾಮಕರಣ. ಹೆಸರು ಕಿರಣ್ ಎಂದು ನಿಶ್ಚಯವಾಗಿದೆ. ಹುಡುಗನಿಗೂ ಹುಡುಗಿಗೂ ಆಗುವ ಹೆಸರು, ಈಗಿನ ಕಾಲಕ್ಕೆ ಒಳ್ಳೆಯದೇ ಎಂದು ಇವರೂ ಒಪ್ಪಿದ್ದಾರೆ. ಅತ್ತೆ ಮಾತ್ರ ‘ಅದು ಗಂಡಿಗೆ ಅಂತ ಇಟ್ಟ ಹೆಸರು, ಈ ಮಗುವಿಗೆ ಬೇಡ’ ಎಂದು ಹಟ ಹಿಡಿದಿದ್ದಾರಂತೆ. ಹಾಗಾಗಿ ಇವರ ಪ್ರಶ್ನೆ: ಕಿರಣ್ ಜೊತೆ ಯಾವ ಮಧ್ಯದ ಹೆಸರು ಹೊಂದುತ್ತದೆ? ಕೇಳಿದ ಕೂಡಲೇ ಹುಡುಗಿ ಎಂದೂ ಗೊತ್ತಾಗಬೇಕು, ಅತ್ತೆಗೂ ಸಮಾಧಾನ ಆಗಬೇಕು. ಕಿರಣ್ ಶ್ರೀ? ಕಿರಣ್ ದೇವಿ?

ಪತ್ರದ ಕೊನೆಯ ಪುಟದಲ್ಲಿ ಬ್ರಾಕೆಟಿನೊಳಗೆ ಒಂದು ಸಾಲಿದೆ. ‘ಬಯಕೆಯ ದಿನ ಗಂಡನ ಅಕ್ಕ ಬೆಳ್ಳಿ ಬಟ್ಟಲು ತಂದಿದ್ದರು, ಅದರಲ್ಲಿ ಆಗಲೇ ಕಿರಣ್ ಎಂದು ಕೆತ್ತಿಸಿತ್ತು.’

ಇದನ್ನು ಬ್ರಾಕೆಟಿನೊಳಗೆ ಹಾಕುವುದಾ? ಇಡೀ ಪತ್ರ ಇರುವುದೇ ಅಲ್ಲಿ.

ಮಗು ಹುಟ್ಟುವ ಮೊದಲೇ ಹೆಸರು ಕೆತ್ತಿಸಿದ್ದಾರೆ. ಗಂಡೇ ಎಂದು ಅವರಿಗೆ ಹೇಳಿದ್ದು ಯಾರು? ಯಾರೂ ಅಲ್ಲ. ಭ್ರೂಣದ ಲಿಂಗ ಹೇಳುವುದನ್ನು 1994ರ ಕಾನೂನೇ ನಿಷೇಧಿಸಿದೆ, ಸ್ಕ್ಯಾನಿಂಗ್ ಮಾಡುವ ಕಡೆಯೆಲ್ಲ ಗೋಡೆಯ ಮೇಲೆ ಬೋರ್ಡ್ ಇರುತ್ತದೆ. ಹೊಟ್ಟೆ ಮುಂದಕ್ಕೆ ಬಂದಿದೆ, ಗಂಡೇ ಅಂತ ಬಟ್ಟಲು ತಂದ ಆ ಅತ್ತಿಗೆಯೇ ತೀರ್ಪು ಕೊಟ್ಟಿದ್ದಾರೆ ಎಂದು ನೀವೇ ಬರೆದಿದ್ದೀರಿ. ಆಮೇಲೆ ಹೆಣ್ಣು ಹುಟ್ಟಿತು. ಆಸ್ಪತ್ರೆಗೆ ಬಂದವರು ‘ಪರವಾಗಿಲ್ಲ, ಕಿರಣ್ ಹುಡುಗಿಗೂ ಆಗುತ್ತದೆ’ ಎಂದರಂತೆ. ಆ ‘ಪರವಾಗಿಲ್ಲ’ ಯಾವುದಕ್ಕೆ ಅಂತ ನೀವು ಅವತ್ತೇ ಕೇಳಬೇಕಿತ್ತು. ಹೆರಿಗೆಯಾಗಿ ಎರಡು ದಿನಕ್ಕೆ ಯಾರಿಗೆ ತಾನೇ ಕೇಳುವ ಶಕ್ತಿ ಇರುತ್ತದೆ, ಬಿಡಿ.

ಇಬ್ಬರಿಗೂ ಆಗುವ ಹೆಸರುಗಳ ಮೇಲೆ ನನಗೇನೂ ತಕರಾರಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವು ತುಂಬ ಇಷ್ಟ. 1972ರಲ್ಲಿ ಪೊಲೀಸ್ ಸೇವೆಗೆ ಸೇರಿದ ಕಿರಣ್ ಬೇಡಿ, 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುಮಾಡಿದ ಕಿರಣ್ ಮಜುಂದಾರ್ ಶಾ, ವಿಕೆಟ್ ಹಿಂದೆ ನಿಲ್ಲುತ್ತಿದ್ದ ಕಿರಣ್ ಮೋರೆ. ಹೆಸರು ಯಾರನ್ನೂ ತಡೆಯಲಿಲ್ಲ. ಹುಡುಗಿ ಎಂದು ತಿಳಿಸುವುದಕ್ಕೆ ಪ್ರತಿ ಫಾರ್ಮಿನಲ್ಲೂ ಬೇರೆ ಕಾಲಂ ಇದೆ. ಬಸ್ಸಿನ ಸೀಟಿನ ಮೇಲೆ ‘ಮಹಿಳೆಯರಿಗೆ’ ಎಂದು ಬರೆದ ಹಾಗೆ ಮಗುವಿನ ಹೆಸರಿನ ನಡುವೆ ದೇವಿ, ಶ್ರೀ ಎಂದು ಬರೆಯುವುದು ಯಾಕೆ?

ಆದರೆ ಹುಡುಗಿಗಾಗಿ ಆರಿಸಿದ ಕಿರಣ್ ಬೇರೆ, ಹುಡುಗನಿಗೆ ಎತ್ತಿಟ್ಟು, ಅವನು ಬರಲಿಲ್ಲ ಅಂತ ಇವಳಿಗೆ ಕೊಟ್ಟ ಕಿರಣ್ ಬೇರೆ. ಮಗು ದೊಡ್ಡದಾದ ಮೇಲೆ ಒಂದಲ್ಲ ಒಂದು ದಿನ ಆ ಬಟ್ಟಲು ಯಾವಾಗಿನದು ಎಂದು ಕೇಳುತ್ತದೆ. ಏನು ಹೇಳುತ್ತೀರಿ?

ಈಗ ನಿಮ್ಮ ಅತ್ತೆಯ ವಿಷಯ. ‘ಹಳೇ ಕಾಲದವರು, ಅರ್ಥ ಆಗುವುದಿಲ್ಲ’ ಎಂದು ಅವರನ್ನು ಒಂದೇ ಗೆರೆಯಲ್ಲಿ ಮುಗಿಸಿದ್ದೀರಿ. ಅವರ ಮಾತನ್ನು ಇನ್ನೊಮ್ಮೆ ಓದಿ. ‘ಗಂಡಿಗೆ ಅಂತ ಇಟ್ಟ ಹೆಸರು’ ಎಂದಿದ್ದಾರೆ. ಹೆಣ್ಣುಮಕ್ಕಳು ಕಿರಣ್ ಅಂತ ಇಟ್ಟುಕೊಳ್ಳಬಾರದು ಎಂದು ಅವರು ಎಲ್ಲೂ ಹೇಳಿಲ್ಲ. ಆ ಮನೆಯಲ್ಲಿ ನಿಮ್ಮ ಮಗಳ ಪರವಾಗಿ ಬಾಯಿ ಬಿಟ್ಟವರು ಅವರೊಬ್ಬರೇ. ನೀವು ನೋಡಿದರೆ ಅವರ ಬಾಯಿ ಮುಚ್ಚಿಸಲು ಮಧ್ಯದ ಹೆಸರು ಹುಡುಕುತ್ತಿದ್ದೀರಿ! ಅತ್ತೆ ಹೇಳಿದ್ದೆಲ್ಲ ತಪ್ಪು ಎಂದು ಹಿಡಿದುಕೊಂಡು ಕೂರುವ ಅಭ್ಯಾಸ ನಮ್ಮ ಎಷ್ಟೋ ಸೊಸೆಯಂದಿರಿಗಿದೆ. ಈ ಅಂಕಣದಲ್ಲಿ ಇದನ್ನು ಮೊದಲೂ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ, ಮತ್ತೆ ಹೇಳುತ್ತೇನೆ.

ನಿಮ್ಮದೊಂದು ಆಸೆಯನ್ನೂ ಅಡಗಿಸಿ ಬರೆದಿದ್ದೀರಿ. ಅಜ್ಜಿ ಶಶಿಕಲಾ ಅವರ ನೆನಪಿಗೆ ‘ಶಶಿ’ ಎಂದಿಡಬೇಕು ಅಂತಿತ್ತು, ಅತ್ತಿಗೆ ‘ಅಯ್ಯೋ, ಅಜ್ಜಿಯಂದಿರ ಹೆಸರು’ ಎಂದು ನಕ್ಕರು ಅಂತ. ಶಶಿಗಿಂತ ಒಳ್ಳೆಯ ಹೆಸರು ಬೇಕಾ? ನಮ್ಮಲ್ಲಿ ಶಶಿಧರನೂ ಶಶಿ, ಶಶಿಕಲಾಳೂ ಶಶಿ. ಎರಡೇ ಅಕ್ಷರ. ಅಡುಗೆಮನೆಯಿಂದ ಅಂಗಳಕ್ಕೆ ಕೂಗಿ ಕರೆಯಬಹುದು. ಇದೂ ಇಬ್ಬರಿಗೂ ಆಗುವ ಹೆಸರೇ, ಅಂಥದ್ದು ಒಳ್ಳೆಯದು ಎಂದು ನೀವೂ ಒಪ್ಪಿದ್ದೀರಿ ಅಲ್ವಾ? ಮುಖ್ಯವಾಗಿ, ಈ ಹೆಸರು ಯಾವ ಹುಡುಗನಿಗಾಗಿಯೂ ಕಾದು ಕುಳಿತಿರಲಿಲ್ಲ.

ಮಧ್ಯದ ಹೆಸರಿಗೆ ನಿಮ್ಮ ಹೆಸರನ್ನೇ ಹಾಕಿ. ಇದು ನನ್ನ ಹಳೆಯ ಹುಚ್ಚು ಎಂದು ಖಾಯಂ ಓದುಗರಿಗೆ ಗೊತ್ತು. ನೀವು ಬಂಟರು. ನಿಮ್ಮ ಮಗಳ ಬರಿ, ಅಂದರೆ ತಾಯಿಯ ಕಡೆಯಿಂದ ಬರುವ ಕುಲ, ಯಾವುದು? ನಿಮ್ಮದೇ. ನಾಳೆ ಅವಳ ಸಂಬಂಧದ ಮಾತು ಬಂದರೆ ಕೇಳುವುದು ತಾಯಿಯ ಬರಿಯನ್ನು. ರಕ್ತದ ಲೆಕ್ಕಕ್ಕೆ ತಾಯಿ ಬೇಕು, ಹೆಸರಿನೊಳಗೆ ಮಾತ್ರ ಬೇಡ ಎಂದರೆ ಹೇಗೆ? ನಿಮ್ಮ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂರಕ್ಷರದ ಹೆಸರು. ಮುಂದೆ ಶಶಿ, ಹಿಂದೆ ಶೆಟ್ಟಿ ಇಟ್ಟು ಜೋರಾಗಿ ಹೇಳಿ ನೋಡಿದೆ, ಚೆನ್ನಾಗಿ ಕೂರುತ್ತದೆ. ಹೆಸರಿಗೆ ಒಂದು ‘ಎ’ ಜಾಸ್ತಿ ಸೇರಿಸಿದರೆ ಅದೃಷ್ಟ ಎನ್ನುವ ಸಂಖ್ಯಾಶಾಸ್ತ್ರದವರು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ.

ಮಗುವನ್ನು ಕುವೈತಿಗೆ ಕರೆದುಕೊಂಡು ಹೋಗಬೇಕು, ಪಾಸ್‌ಪೋರ್ಟಿಗೆ ಅರ್ಜೆಂಟ್, ಬೇಗ ಹೆಸರು ಕೊಡಿ ಎಂದು ಅತ್ತಿಗೆ ಅವಸರ ಮಾಡುತ್ತಿದ್ದಾರಂತೆ. ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಮಾತ್ರ ಖಾಲಿ ಎಂದಿದ್ದೀರಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೂ ತಡದ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಬಹುದು. ಅಂದರೆ ನಿಮ್ಮ ಗಂಡ ಬರುವವರೆಗೆ ಕಾದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ದೊಡ್ಡ ರಗಳೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಪಾಸ್‌ಪೋರ್ಟಿನಲ್ಲಿ ಮಧ್ಯದ ಹೆಸರಿಗೆ ಬೇರೆ ಕಾಲಂ ಇಲ್ಲ, ಅದು ಮೊದಲ ಹೆಸರಿನ ಜೊತೆಗೇ ಹೋಗುತ್ತದೆ. ಪ್ಯಾನ್ ಅರ್ಜಿಯಲ್ಲಿ ಮೂರು ಕಾಲಂ, ಆಧಾರ್‌ನಲ್ಲಿ ಒಂದೇ ಸಾಲು. ಅದಕ್ಕೇ ಇನಿಷಿಯಲ್ ಬೇಡ. ಎಲ್ಲ ಕಡೆ ಪೂರ್ತಿ ಹೆಸರು, ಒಂದೇ ಸ್ಪೆಲ್ಲಿಂಗ್.

ನೀವು ಮಾಡಬೇಕಾದದ್ದು ಒಂದೇ ಕೆಲಸ. ಶುಕ್ರವಾರ ನಿಮ್ಮ ಗಂಡನಿಗೆ ರಜೆ. ಅವತ್ತು ಫೋನ್ ಮಾಡಿ, ಮಗಳ ಹೆಸರು ಶಶಿ ಎಂದು ಹೇಳಿ. ‘ಇಡೋಣವಾ?’ ಎಂದು ಕೇಳಬೇಡಿ, ಕೇಳಿದರೆ ಅವರು ‘ಅಕ್ಕನ ಹತ್ತಿರ ಒಂದು ಮಾತು ಕೇಳುತ್ತೇನೆ’ ಎನ್ನುತ್ತಾರೆ. ಅಕ್ಕನಿಗೆ ಬೇಜಾರಾಗುತ್ತದೆ ಎಂದರೆ, ಆ ಅಕ್ಕನಿಗೆ ತಮ್ಮನೇ ಹೇಳಲಿ. ಅತ್ತೆ ಹೇಗೂ ನಿಮ್ಮ ಕಡೆ ಇದ್ದಾರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿ.

ನಿಮ್ಮಲ್ಲಿ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯಂತೆ. ಅದನ್ನು ತಪ್ಪಿಸಬೇಡಿ, ಅವರೇ ಹೇಳಲಿ. ಏನು ಹೇಳಬೇಕು ಎಂದು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಕೈಗೆ ಕೊಟ್ಟಿರಿ.